ಕ್ರೆಮಟೊಗ್ಯಾಸ್ಟರ್ ಇರುವೆಗಳನ್ನು ಗುರುತಿಸಿ ವಿಂಗಡಿಸುವ ಕ್ರಮ: ಮಲೆನಾಡಿನ ಕಾಡು-ತೋಟಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಆಸಕ್ತರು ಕ್ರೆಮಟೊಗ್ಯಾಸ್ಟರ್ (ಇರುವೆಗಳ ಒಂದು ಕುಲ) ಎಂದು ಚೀಟಿ ಬರೆದು ತರುವ ಸೀಸೆಗಳನ್ನು ಬಿಚ್ಚಿದರೆ ಒಂದರಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುತ್ತದೆ, ಇನ್ನೊಂದರಲ್ಲಿ ನೆಲದ ಕಂದಿರುವೆ ಇರುತ್ತದೆ. ನಿಜವಾದ ಕ್ರೆಮಟೊಗ್ಯಾಸ್ಟರ್ ಇದ್ದ ಸೀಸೆಯಲ್ಲೂ ಪ್ರಭೇದದ ಹೆಸರು ಬಹುಪಾಲು ಊಹೆಯದಾಗಿರುತ್ತದೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಗೂಡು ನೋಡುತ್ತಾರೆ, ಅಲ್ಲಿಗೇ ಹೆಸರನ್ನು ತೀರ್ಮಾನಿಸಿ, ಸೊಂಟದ ಕೀಲನ್ನು ಕೊನೆಗೆ ನೋಡುತ್ತಾರೆ ಅಥವಾ ನೋಡುವುದೇ ಇಲ್ಲ. ಈ ಕುಲದ ಗುರುತು ಇರುವುದು ಆ ಕೀಲಿನಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲಿಯೇ ಮಾಡಬೇಕು; ಒಂದು ಹಂತದಲ್ಲಿ ಸಂಶಯ ಉಳಿದರೆ ಮುಂದಿನದಕ್ಕೆ ಹೋಗಬಾರದು.

ಮೊದಲು ಒದಗಿಸಿಕೊಳ್ಳಬೇಕಾದವು

ತೋಟಕ್ಕೆ ಅಥವಾ ಕಾಡಿಗೆ ಹೋಗುವಾಗ 10 ಅಥವಾ 20 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ತುದಿ ಮೃದುವಾದ ಚಿಮುಟ, ಚಿತ್ರ ಬರೆಯುವ ಸಣ್ಣ ಕುಂಚ, ಬಿಳಿ ತಟ್ಟೆ, ಕೊಂಬೆ ಕತ್ತರಿ, ಬಿಗಿ ಮುಚ್ಚಳದ ಸಣ್ಣ ಸೀಸೆಗಳು, ಆಲ್ಕೋಹಾಲ್, ದಪ್ಪ ಕಾಗದದ ಚೀಟಿಗಳು ಮತ್ತು ಸೀಸದ ಕಡ್ಡಿ ಸಾಕು. ಬಿಳಿ ತಟ್ಟೆ ಇಲ್ಲವಾದರೆ ತಿಳಿಬಣ್ಣದ ಕೊಡೆಯನ್ನು ಮಗುಚಿ ಹಿಡಿದು ಕೊಂಬೆ ಬಡಿಯಬಹುದು.

ಮನೆಗೆ ಬಂದ ಮೇಲಿನ ಕೆಲಸಕ್ಕೆ ಕನಿಷ್ಠ 40 ಪಟ್ಟು ತೋರಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ ಬೇಕೇ ಬೇಕು. ಈ ಇರುವೆಗಳ ಕೆಲಸಗಾರರು ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಉದ್ದ. ಕುಡಿಮೀಸೆಯ ಖಂಡಗಳನ್ನು ಎಣಿಸುವುದು ಮೊಬೈಲಿನ ಮ್ಯಾಕ್ರೊ ಲೆನ್ಸಿನಲ್ಲಿ ಆಗುವ ಕೆಲಸವಲ್ಲ. ಕುಲದ ಮಟ್ಟದ ಗುರುತಿಗೆ ಒಳ್ಳೆಯ ಪಾರ್ಶ್ವಚಿತ್ರವೊಂದು ಸಾಕಾಗಬಹುದು, ಪ್ರಭೇದಕ್ಕಂತೂ ಸಾಲದು.

ಅನುಮತಿಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಸ್ವಂತ ತೋಟದಲ್ಲಿ ಸಂಗ್ರಹಿಸುವುದು ಬೇರೆ, ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಥವಾ ಬಿಸಿಲೆಯಂತಹ ಮೀಸಲು ಅರಣ್ಯದಿಂದ ತರುವುದು ಬೇರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿರಬೇಕು.

ಹಂತ 1: ಮುಟ್ಟುವ ಮೊದಲು ಗೂಡನ್ನು ದಾಖಲಿಸುವುದು

ಮಲೆನಾಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಮರದ ಕೊಂಬೆಯ ಮೇಲೆ ಕಟ್ಟಿದ, ಅಗಿದ ನಾರಿನಿಂದ ಮಾಡಿದ ರಟ್ಟಿನಂತಹ ಗೂಡು. ಅದರ ಹೊರಮೈ ಪದರಗಳು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಇಳಿಬಿದ್ದಿರುತ್ತವೆ. ಆದರೆ ಈ ಕುಲದ ಎಲ್ಲ ಪ್ರಭೇದಗಳೂ ಹೀಗೆ ಗೂಡು ಕಟ್ಟುವುದಿಲ್ಲ. ಒಣಗಿದ ಕಡ್ಡಿಯ ಪೊಳ್ಳಿನಲ್ಲಿ, ತೊಗಟೆಯ ಅಡಿಯಲ್ಲಿ, ಕೊಳೆತ ಮರದಲ್ಲಿ ಸದ್ದಿಲ್ಲದೆ ಬದುಕುವವೂ ಹಲವಿವೆ, ಮತ್ತು ಇಂತಹ ಸಣ್ಣ ಪ್ರಭೇದಗಳೇ ಸಂಗ್ರಹಗಳಲ್ಲಿ ತಪ್ಪಿಹೋಗುತ್ತವೆ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕತ್ತರಿಸುವ ಕೆಲಸ) ನಡೆಯುವಾಗ ಕೆಳಗೆ ಬಿದ್ದ ಒಣ ಕೊಂಬೆಗಳನ್ನು ಮುರಿದು ನೋಡುವುದು ಅವುಗಳನ್ನು ಹುಡುಕಲು ನನಗೆ ತಿಳಿದಿರುವ ಅತ್ಯಂತ ಸುಲಭದ ದಾರಿ. ಸಿಲ್ವರ್ ಓಕ್, ಹಾಲವಾಣ, ಕಾಫಿ ಗಿಡದ ಒಣ ರೆಂಬೆಗಳು ಯಾವುದನ್ನೂ ಬಿಡಬಾರದು.

ಗೂಡಿನ ಚಿತ್ರ, ಮರದ ಹೆಸರು, ನೆಲದಿಂದ ಎತ್ತರ, ಇರುವೆಗಳು ಹಿಟ್ಟು ತಿಗಣೆ ಅಥವಾ ಹಸಿರು ಶಲ್ಕ ಕೀಟಗಳ ಬಳಿ ಸಿಹಿ ಅಂಟು ಹೀರುತ್ತಿದ್ದವೇ ಎಂಬುದು, ಇವಿಷ್ಟನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕು. ಸೀಸೆಯೊಳಗೆ ಹೋದ ಮೇಲೆ ಈ ಮಾಹಿತಿಯನ್ನು ಇರುವೆ ಹೇಳುವುದಿಲ್ಲ.

ಎಚ್ಚರಿಕೆಯ ಎರಡು ಗುರುತುಗಳಿವೆ. ಗೂಡಿನಿಂದ ಮರದ ಬುಡದವರೆಗೆ ಮಣ್ಣಿನ ಮುಚ್ಚಿದ ದಾರಿ ಇಳಿದಿದ್ದರೆ ಅದು ಮರದ ಮೇಲಿನ ಗೆದ್ದಲ ಗೂಡಾಗಿರುವ ಸಾಧ್ಯತೆಯೇ ಹೆಚ್ಚು. ರಟ್ಟಿನ ಗೂಡಿನಲ್ಲಿ ದುಂಡನೆಯ ತೂತು ಕಂಡರೆ ಅದನ್ನು ಹಾಗೆಯೇ ಬಿಟ್ಟು ಬರಬೇಕು. ಕೆಂಗಂದು ಬಣ್ಣದ ಮರಕುಟಿಗವೊಂದು ಇರುವೆಗಳು ವಾಸವಿರುವ ಕ್ರೆಮಟೊಗ್ಯಾಸ್ಟರ್ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ.

ಹಂತ 2: ಒಂದೇ ಗೂಡಿನಿಂದ ಸಾಕಷ್ಟು ಸಂಗ್ರಹಿಸುವುದು

ಒಂದೇ ಒಂದು ಇರುವೆಯನ್ನು ಹಿಡಿದು ತರುವುದು ವ್ಯರ್ಥ ಶ್ರಮ. ಒಂದು ಗೂಡಿನಿಂದ 10ರಿಂದ 15 ಕೆಲಸಗಾರರನ್ನು, ಸಣ್ಣವು ದೊಡ್ಡವು ಎರಡನ್ನೂ ಸೇರಿಸಿ, ಒಂದೇ ಸೀಸೆಗೆ ಹಾಕಬೇಕು. ಒಣ ಕಡ್ಡಿ ಮುರಿದಾಗ ರಾಣಿಯೋ ರೆಕ್ಕೆಯ ಗಂಡೋ ಸಿಕ್ಕರೆ ಅದನ್ನೂ ಅದೇ ಸೀಸೆಗೆ ಹಾಕಬೇಕು. ಆದರೆ ಈ ಮಾರ್ಗದರ್ಶಿಯಲ್ಲಿರುವ ಗುರುತುಗಳೆಲ್ಲ ಕೆಲಸಗಾರ ಇರುವೆಗೆ ಸಂಬಂಧಿಸಿದವು ಎಂಬುದು ನೆನಪಿರಲಿ. ರೆಕ್ಕೆಯ ಇರುವೆಯನ್ನು ಇದೇ ಹಂತಗಳಲ್ಲಿ ಓಡಿಸಿದರೆ ಎಲ್ಲಿಗೋ ಹೋಗಿ ನಿಲ್ಲುತ್ತೀರಿ.

ಎರಡು ಗೂಡಿನ ಇರುವೆಗಳನ್ನು, ನೋಡಲು ಒಂದೇ ತರಹ ಇದ್ದರೂ, ಎಂದಿಗೂ ಬೆರೆಸಬಾರದು. ಒಂದೇ ಮರದಲ್ಲಿ ಎರಡು ಪ್ರಭೇದಗಳಿರುವುದು ಅಪರೂಪವಲ್ಲ.

ಹಿಡಿಯುವ ಕ್ರಮ ಸರಳವಾದದ್ದು: ಕುಂಚದ ತುದಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಇರುವೆಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ, ಸೀಸೆಯಲ್ಲಿ ಅದ್ದಿದರೆ ಬಿಟ್ಟುಕೊಳ್ಳುತ್ತದೆ. ಬಾಯಿಂದ ಎಳೆಯುವ ಹೀರುಕೊಳವೆಯನ್ನು ಈ ಕುಲಕ್ಕೆ ಬಳಸದಿರುವುದು ಒಳ್ಳೆಯದು. ಕೆರಳಿದಾಗ ಹೊಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ತುದಿಯಲ್ಲಿ ವಿಷದ ಹನಿಯನ್ನು ತೋರಿಸುವುದು ಇವುಗಳ ಸ್ವಭಾವ. ನೂರಾರು ಇರುವೆಗಳ ಆವಿಯನ್ನು ಗಂಟಲಿಗೆ ಎಳೆದುಕೊಂಡವರಿಗೆ ಅದರ ಘಾಟು ಗೊತ್ತು. ಇವುಗಳ ಕೊಂಡಿಯ ತುದಿ ಸಾಮಾನ್ಯವಾಗಿ ಚಪ್ಪಟೆಯಾಗಿದ್ದು, ಚುಚ್ಚುವುದಕ್ಕಿಂತ ವಿಷವನ್ನು ಸವರುವುದಕ್ಕೆ ತಕ್ಕಂತಿದೆ.

ಹಂತ 3: ಆಲ್ಕೋಹಾಲ್ ಮತ್ತು ಚೀಟಿ

ಮುಂದೆ ಡಿಎನ್‌ಎ ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ಶೇ. 95ರ ಎಥೆನಾಲ್ ಬೇಕು. ರೂಪಲಕ್ಷಣ ನೋಡುವುದಕ್ಕಷ್ಟೇ ಆದರೆ ಶೇ. 70ರಿಂದ 80 ಉತ್ತಮ, ಏಕೆಂದರೆ ಕೀಲುಗಳು ಅಷ್ಟಾಗಿ ಬಿರುಸಾಗುವುದಿಲ್ಲ. ಶೇ. 95ರದ್ದನ್ನು 79 ಮಿಲಿಲೀಟರ್ ತೆಗೆದುಕೊಂಡು ಭಟ್ಟಿ ಇಳಿಸಿದ ನೀರಿನಿಂದ 100ಕ್ಕೆ ತುಂಬಿಸಿದರೆ ಸುಮಾರು ಶೇ. 75 ಆಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ಲಿನಲ್ಲಿ ಹಾಕಿ ತರುವವರಿದ್ದಾರೆ. ಬೇರೆ ಏನೂ ಇಲ್ಲದಾಗ ಅದೂ ಆದೀತು, ಆದರೆ ಅದರ ಲೋಳೆ ರೋಮಗಳಿಗೆ ಮೆತ್ತಿಕೊಂಡು ಒಣಗುತ್ತದೆ, ಆದ್ದರಿಂದ ಅದೇ ದಿನ ತೊಳೆದು ವರ್ಗಾಯಿಸಬೇಕು.

ಚೀಟಿಯನ್ನು ಸೀಸದ ಕಡ್ಡಿಯಲ್ಲಿ ಬರೆದು ಸೀಸೆಯ ಒಳಗೆ ಹಾಕಬೇಕು. ಬಾಲ್ ಪೆನ್ನಿನ ಬರಹ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ, ಹೊರಗೆ ಅಂಟಿಸಿದ ಚೀಟಿ ಮಳೆಗಾಲದಲ್ಲಿ ಉದುರಿಹೋಗುತ್ತದೆ. ಊರು, ತಾಲ್ಲೂಕು, ಜಿಲ್ಲೆ, ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಗೂಡು ಇದ್ದ ಜಾಗ, ಸಂಗ್ರಹಿಸಿದವರ ಹೆಸರು, ಗೂಡಿನ ಸಂಖ್ಯೆ ಇವಿಷ್ಟೂ ಇರಬೇಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ ದಿನವೋ ತಿಂಗಳೋ ಎಂಬ ಗೊಂದಲ ಹುಟ್ಟುವುದಿಲ್ಲ. ‘ಚಿಕ್ಕಮಗಳೂರು’ ಎಂದಷ್ಟೇ ಬರೆದ ಚೀಟಿಯಿಂದ ಪ್ರಯೋಜನವಿಲ್ಲ. ಬಯಲಿನ ಕಡೂರೂ ಅದೇ ಜಿಲ್ಲೆ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಅದೇ ಜಿಲ್ಲೆ.

ಹಂತ 4: ಒಣಗಿಸಿ ಅಂಟಿಸುವುದು

ಇದನ್ನು ಬಿಟ್ಟು ಮುಂದೆ ಹಾರುವವರೇ ಹೆಚ್ಚು, ಆಮೇಲೆ ಕಷ್ಟಪಡುವವರೂ ಅವರೇ. ಒದ್ದೆಯಾಗಿರುವ ಇರುವೆಯ ಮೈಮೇಲೆ ಆಲ್ಕೋಹಾಲಿನ ತೆಳು ಪೊರೆ ನಿಂತು, ಗೀರುಗಳಿರುವ ಮೇಲ್ಮೈಯೂ ನುಣುಪಾಗಿ ಹೊಳೆಯುವಂತೆ ಕಾಣುತ್ತದೆ, ರೋಮಗಳು ಮೈಗೆ ಅಂಟಿಕೊಂಡು ಇಲ್ಲವೇ ಇಲ್ಲವೆಂಬಂತೆ ತೋರುತ್ತವೆ. ಪ್ರಭೇದವನ್ನು ತೀರ್ಮಾನಿಸುವುದು ಇವೆರಡು ಲಕ್ಷಣಗಳ ಮೇಲೆಯೇ ಆದ್ದರಿಂದ, ಪ್ರತಿ ಗೂಡಿನಿಂದ ಕನಿಷ್ಠ ಮೂರು ಇರುವೆಗಳನ್ನಾದರೂ ಒಣಗಿಸಿ ಅಂಟಿಸಬೇಕು, ಉಳಿದವು ಆಲ್ಕೋಹಾಲಿನಲ್ಲಿಯೇ ಇರಲಿ.

ದಪ್ಪ ಬಿಳಿ ಕಾಗದದಿಂದ ಕತ್ತರಿಸಿ ಸೂಜಿಗೆ ಚುಚ್ಚಿದ ಸಣ್ಣ ತ್ರಿಕೋನದ ಚೂಪು ತುದಿಗೆ ನೀರಿನಲ್ಲಿ ಕರಗುವ ಅಂಟಿನ ಒಂದು ಚುಕ್ಕೆ ಹಚ್ಚಿ, ಇರುವೆಯ ಬಲಬದಿಯಿಂದ, ನಡುಗಾಲು ಮತ್ತು ಹಿಂಗಾಲುಗಳ ಬುಡದ ನಡುವೆ ಅದನ್ನು ತಾಗಿಸಬೇಕು. ಆಗ ಎಡಬದಿಯ ನೋಟ ಪೂರ್ತಿ ತೆರೆದಿರುತ್ತದೆ. ಅಂಟು ಜಾಸ್ತಿಯಾಗಿ ಸೊಂಟದವರೆಗೆ ಹರಿದರೆ ಆ ಮಾದರಿ ಕೆಟ್ಟಂತೆಯೇ. ಹೊಟ್ಟೆ ಮುಂದಕ್ಕೆ ಮಡಚಿಕೊಂಡು ಸತ್ತಿದ್ದರೆ ಒಣಗುವ ಮುನ್ನ ಕುಂಚದಿಂದ ಹಿಂದಕ್ಕೆ ನೇರಗೊಳಿಸಬೇಕು, ಒಣಗಿದ ಮೇಲೆ ಒತ್ತಿದರೆ ಕೀಲು ಮುರಿಯುತ್ತದೆ.

ಅಂಟಿಸಿದವುಗಳನ್ನು ಬಿಗಿಯಾದ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬೂಸಲು ಯಾವುದನ್ನೂ ಬಿಡುವುದಿಲ್ಲ. ಮುಚ್ಚಳ ಸರಿಯಾಗಿ ಕೂರದ ಪೆಟ್ಟಿಗೆಯೊಂದನ್ನು ಅಟ್ಟದ ಮೇಲಿಟ್ಟು ಮರೆತ ನನ್ನ ಒಂದು ವರ್ಷದ ಸಂಗ್ರಹವನ್ನು ಮನೆಯ ಇರುವೆಗಳೇ ಹೊತ್ತುಕೊಂಡು ಹೋಗಿದ್ದವು. ಸೂಜಿ ಮತ್ತು ಚೀಟಿಗಳು ಮಾತ್ರ ಸಾಲಾಗಿ ನಿಂತಿದ್ದವು.

ಹಂತ 5: ಸೊಂಟ ನೋಡಿ ಕುಲವನ್ನು ಗುರುತಿಸುವುದು

ಇರುವೆಯನ್ನು ಪಾರ್ಶ್ವದಿಂದ ನೋಡಿ. ಎದೆ ಮತ್ತು ಹೊಟ್ಟೆಯ ನಡುವೆ ಒಂದು ಗಂಟು ಇದೆಯೋ ಎರಡು ಇವೆಯೋ ಎಂಬುದು ಮೊದಲ ಪ್ರಶ್ನೆ. ಒಂದೇ ಇದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಕ್ರೆಮಟೊಗ್ಯಾಸ್ಟರ್ ಅಲ್ಲ. ಎರಡು ಗಂಟುಗಳಿದ್ದರೆ, ಈ ಕುಲ ಸೇರಿರುವ ಮಿರ್ಮಿಸಿನೆ ಉಪಕುಟುಂಬದ್ದಾಗಿರುವ ಸಾಧ್ಯತೆ ಇದೆ.

ಎರಡನೆಯ ಪ್ರಶ್ನೆಯೇ ನಿರ್ಣಾಯಕವಾದದ್ದು: ಎರಡನೆಯ ಗಂಟು ಹೊಟ್ಟೆಗೆ ಎಲ್ಲಿ ಕೂಡುತ್ತದೆ? ಬೇರೆ ಇರುವೆಗಳಲ್ಲಿ ಅದು ಹೊಟ್ಟೆಯ ಮುಂತುದಿಗೆ ಕೂಡುತ್ತದೆ. ಕ್ರೆಮಟೊಗ್ಯಾಸ್ಟರ್‌ನಲ್ಲಿ ಮಾತ್ರ ಅದು ಹೊಟ್ಟೆಯ ಮೊದಲ ಖಂಡದ ಮೇಲ್ಮೈಗೆ, ಕೊಡಕ್ಕೆ ಹಿಡಿ ಹಾಕಿದಂತೆ, ಮೇಲಿನಿಂದ ಕೂಡಿರುತ್ತದೆ. ಹೊಟ್ಟೆಯನ್ನು ಬೆನ್ನಿನ ಮೇಲೆ ಮಡಚಿ ತಲೆಯವರೆಗೆ ಬಾಗಿಸಲು ಸಾಧ್ಯವಾಗುವುದು ಈ ರಚನೆಯಿಂದಲೇ.

ಇದಕ್ಕೆ ಬೆಂಬಲವಾಗಿ ಇನ್ನು ಮೂರು ಲಕ್ಷಣಗಳನ್ನು ಪರಿಶೀಲಿಸಬೇಕು. ಮೇಲಿನಿಂದ ನೋಡಿದಾಗ ಹೊಟ್ಟೆ ಹೃದಯದ ಆಕಾರದಲ್ಲಿದ್ದು ಹಿಂತುದಿ ಚೂಪಾಗಿರುತ್ತದೆ. ಪಾರ್ಶ್ವದಿಂದ ನೋಡಿದರೆ ಅದರ ಮೇಲ್ಭಾಗ ಚಪ್ಪಟೆಯಾಗಿಯೂ ಕೆಳಭಾಗ ಉಬ್ಬಿಯೂ ಇರುತ್ತದೆ. ಮೊದಲ ಗಂಟು ಹೆಸರಿಗಷ್ಟೇ ಗಂಟು, ಮೇಲಿನಿಂದ ತಟ್ಟಿದಂತೆ ಚಪ್ಪಟೆಯಾಗಿದ್ದು ಉಬ್ಬು ಇರುವುದಿಲ್ಲ. ಕುಡಿಮೀಸೆಯಲ್ಲಿ ಸಾಮಾನ್ಯವಾಗಿ 11 ಖಂಡಗಳು, ಕೆಲವು ಪ್ರಭೇದಗಳಲ್ಲಿ 10. ಎಣಿಸುವಾಗ ಬುಡದ ಉದ್ದ ಖಂಡವನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಅದೂ ಒಂದು ಖಂಡವೇ. ಎರಡೂ ಮೀಸೆಗಳನ್ನು ಎಣಿಸಿ, ಲೆಕ್ಕ ಹೊಂದದಿದ್ದರೆ ಮತ್ತೊಂದು ಇರುವೆಯನ್ನು ತೆಗೆದುಕೊಳ್ಳಿ.

ಎದೆಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದು ಜೊತೆ ಮುಳ್ಳುಗಳಿರುತ್ತವೆ. ಕೆಲವು ಪ್ರಭೇದಗಳಲ್ಲಿ ಅವು ಬರೀ ಮೊನೆಯಷ್ಟಾಗಿರುವುದರಿಂದ, ಮುಳ್ಳಿಲ್ಲವೆಂಬ ಕಾರಣಕ್ಕೆ ಕುಲವನ್ನು ತಿರಸ್ಕರಿಸಬಾರದು.

ಹಂತ 6: ಮೋಸಗೊಳಿಸುವ ಇರುವೆಗಳನ್ನು ಹೊರಗಿಡುವುದು

ಮೊದಲನೆಯದು ಚಗಳಿ, ಅಂದರೆ ಈಕೊಫಿಲ್ಲ ಸ್ಮರಾಗ್ಡಿನ. ಅದೂ ಕೆರಳಿದಾಗ ಹೊಟ್ಟೆಯೆತ್ತುತ್ತದೆ, ಆದ್ದರಿಂದ ಸ್ವಭಾವ ನೋಡಿ ತೀರ್ಮಾನಿಸಿದವರು ಖಂಡಿತ ತಪ್ಪುತ್ತಾರೆ. ಅದರ ಸೊಂಟದಲ್ಲಿ ಒಂದೇ ಗಂಟು, ಮೀಸೆಯಲ್ಲಿ 12 ಖಂಡ, ಎಲೆ ಹೊಲಿದ ಗೂಡು. ಚಗಳಿ ಚಟ್ನಿ ತಿಂದು ಬೆಳೆದ ನಮ್ಮವರೂ ಒಣ ಮಾದರಿಯಲ್ಲಿ ಇದನ್ನು ಗುರುತಿಸದೆ ಹೋಗುತ್ತಾರೆಂಬುದು ಸೋಜಿಗದ ಸಂಗತಿ.

ಎರಡನೆಯದು ಮಿರ್ಮಿಕೇರಿಯ ಬ್ರುನಿಯ. ಕೆಂಗಂದು ಬಣ್ಣ, ಎರಡು ಗಂಟು, ಎದೆಯ ಮೇಲೆ ಮುಳ್ಳು, ಮೈತುಂಬ ರೋಮ. ಇದು ನೆಲದಲ್ಲಿ ಗೂಡು ಮಾಡುತ್ತದೆ, ಹೊಟ್ಟೆಯನ್ನು ಕೆಳಕ್ಕೆ ಬಾಗಿಸಿ ನಡೆಯುತ್ತದೆ. ಮೀಸೆ ಎಣಿಸಿದರೆ ಸಂಶಯವೇ ಉಳಿಯುವುದಿಲ್ಲ, ಅಲ್ಲಿರುವುದು 7 ಖಂಡ ಮಾತ್ರ.

ಹೃದಯಾಕಾರದ ಹೊಟ್ಟೆಯನ್ನೇ ನಂಬಿದವರನ್ನು ಮೆರನೋಪ್ಲಸ್ ಬೈಕಲರ್ ಬೀಳಿಸುತ್ತದೆ. ಅದರ ಹೊಟ್ಟೆಯೂ ಹೆಚ್ಚುಕಡಿಮೆ ಅದೇ ಆಕಾರ. ಆದರೆ ಎದೆಯ ಮೇಲೆ ಗುರಾಣಿಯಂತಹ ಹೊದಿಕೆ ಇದೆ, ಮೀಸೆಯಲ್ಲಿ 9 ಖಂಡಗಳಿವೆ. ಎಲೆಕಸದಲ್ಲಿ ಸಿಗುವ ಸಣ್ಣ ರಿಕರ್ವಿಡ್ರಿಸ್ ಇನ್ನೂ ಹತ್ತಿರದ ವೇಷ ಹಾಕುತ್ತದೆ, ಏಕೆಂದರೆ ಅದರಲ್ಲೂ 11 ಖಂಡಗಳು. ಮುಳ್ಳುಗಳು ಮೇಲಕ್ಕೂ ಮುಂದಕ್ಕೂ ಕೊಕ್ಕೆಯಂತೆ ಬಾಗಿರುವುದು, ಎರಡನೆಯ ಗಂಟು ಹೊಟ್ಟೆಯ ಮುಂಭಾಗಕ್ಕೆ ಅಗಲವಾಗಿ ಕೂಡಿರುವುದು ಅದರ ಗುರುತು. ಮರದ ಮೇಲಿನ ಕರಿಯ ಕ್ಯಾಟಲಾಕಸ್‌ನಲ್ಲಿಯೂ 11 ಖಂಡಗಳಿವೆ, ಆದರೆ ಮೀಸೆ ಮಡಚಿಡುವ ತೋಡು ಕಣ್ಣಿನ ಕೆಳಗೆ ಹಾದುಹೋಗಿರುತ್ತದೆ.

ಹಂತ 7: ಉಪಕುಲ

2012ರಲ್ಲಿ ಇರುವೆ ಸಂಶೋಧಕಿ ಬೋನಿ ಬ್ಲೇಮರ್ ಅವರು ಹಿಂದಿದ್ದ ಹಲವು ಉಪಕುಲಗಳನ್ನು ಎರಡಕ್ಕೆ ಇಳಿಸಿದರು: ಕ್ರೆಮಟೊಗ್ಯಾಸ್ಟರ್ ಮತ್ತು ಆರ್ಥೊಕ್ರೆಮ. ಎರಡನೆಯ ಗಂಟನ್ನು ಮೇಲಿನಿಂದ ನೋಡಿದಾಗ ನಡುವೆ ಉದ್ದಕ್ಕೆ ಸ್ಪಷ್ಟವಾದ ಗೆರೆಗುಳಿ ಇದ್ದು ಅದು ಎರಡು ಹಾಲೆಗಳಂತೆ ಕಂಡರೆ ಹೆಚ್ಚಾಗಿ ಮೊದಲನೆಯದು. ಗುಳಿಯಿಲ್ಲದೆ ಇಡಿಯಾಗಿದ್ದು, ಮೀಸೆಯ ತುದಿಯ ಗದೆಯಂತಹ ದಪ್ಪ ಭಾಗದಲ್ಲಿ ಎರಡೇ ಖಂಡಗಳಿದ್ದರೆ ಹೆಚ್ಚಾಗಿ ಆರ್ಥೊಕ್ರೆಮ. ಒಂದೇ ಲಕ್ಷಣ ಸಾಲದು, ಎರಡನ್ನೂ ಜೋಡಿಸಿ ನೋಡಬೇಕು. ಹಳೆಯ ಬರಹಗಳಲ್ಲಿ ಬೇರೆ ಉಪಕುಲದ ಹೆಸರುಗಳು ಕಂಡರೆ ಗಾಬರಿಯಾಗುವ ಅಗತ್ಯವಿಲ್ಲ.

ಹಂತ 8: ಹೆಸರಿಡದೆ ಗುಂಪು ಮಾಡುವುದು

ಜಗತ್ತಿನಲ್ಲಿ ಈ ಕುಲದ ಸುಮಾರು 500 ಪ್ರಭೇದಗಳಿಗೆ ಹೆಸರಿಡಲಾಗಿದೆ. ಆದ್ದರಿಂದ ಹೆಸರಿನ ಹಿಂದೆ ಹೋಗುವ ಮೊದಲು ನಿಮ್ಮಲ್ಲಿರುವ ಎಲ್ಲ ಗೂಡುಗಳ ಮಾದರಿಗಳನ್ನು ಮೇಜಿನ ಮೇಲೆ ಹರಡಿ, ‘ಪ್ರಭೇದ 1’, ‘ಪ್ರಭೇದ 2’ ಎಂದು ರೂಪದ ಆಧಾರದಲ್ಲಿ ಗುಂಪು ಮಾಡಿಕೊಳ್ಳಬೇಕು.

ಗುಂಪು ಮಾಡುವಾಗ ನೋಡಬೇಕಾದವು ಇವು: ತಲೆ ಮತ್ತು ಎದೆಯ ಮೇಲ್ಮೈ ನುಣುಪೋ ಗೀರುಗೀರಾಗಿದೆಯೋ, ಎದೆಯ ಮೇಲೆ ನೆಟ್ಟಗೆ ನಿಂತ ರೋಮಗಳು ಎಷ್ಟು, ಮೀಸೆಯ ಬುಡಖಂಡದ ರೋಮಗಳು ನಿಂತಿವೆಯೋ ಮಲಗಿವೆಯೋ, ಮುಳ್ಳಿನ ಉದ್ದ, ಅವುಗಳ ನಡುವಿನ ಅಂತರ ಮತ್ತು ಬಾಗು, ಮೇಲಿನಿಂದ ನೋಡಿದಾಗ ಮೊದಲ ಗಂಟು ಮುಂದಕ್ಕೆ ಅಗಲವಾಗುತ್ತದೆಯೋ ಸಮಾನಾಂತರ ಅಂಚುಗಳದ್ದೋ. ಬೆಳಕನ್ನು ನೇರವಾಗಿ ಬಿಡದೆ, ಟ್ರೇಸಿಂಗ್ ಕಾಗದದ ಸಣ್ಣ ಸುರುಳಿಯನ್ನು ಇರುವೆಯ ಸುತ್ತ ನಿಲ್ಲಿಸಿ ಹೊರಗಿನಿಂದ ಬೆಳಕು ಹಾಯಿಸಿದರೆ ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ. ಈ ಒಂದು ಚೂರು ಕಾಗದ ದುಬಾರಿ ದೀಪಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಣ್ಣವನ್ನು ಪಟ್ಟಿಯ ಕೊನೆಗೆ ತಳ್ಳಿ. ಆಗತಾನೆ ಕೋಶಾವಸ್ಥೆಯಿಂದ ಹೊರಬಂದ ಕೆಲಸಗಾರರು ಮಂಕು ಹಳದಿಯಾಗಿರುತ್ತಾರೆ, ಮತ್ತು ಆಲ್ಕೋಹಾಲಿನಲ್ಲಿ ಹಳತಾದವು ಬಣ್ಣ ಬಿಡುತ್ತವೆ. ಬಾಳೂರು ಕಡೆಯ ಒಂದು ತೋಟದಲ್ಲಿ ಕಡ್ಡಿಯೊಳಗಿಂದ ತೆಗೆದ ನಾಲ್ಕು ಹಳದಿ ಇರುವೆಗಳನ್ನು ನಾನು ಬೇರೆಯದೇ ಪ್ರಭೇದವೆಂದು ಬಹುಕಾಲ ಪ್ರತ್ಯೇಕವಾಗಿಟ್ಟಿದ್ದೆ. ಅದೇ ಗೂಡಿನ ಉಳಿದವನ್ನು ಒಣಗಿಸಿದಾಗ ಅವು ಕಂದು ಇರುವೆಗಳ ಎಳೆಯರೆಂದು ತಿಳಿಯಿತು. ಮೈ ಮೆತ್ತಗಿದ್ದು, ಒಣಗಿದಾಗ ಕುಸಿದು ಸುಕ್ಕಾಗುವುದು ಎಳೆಯ ಇರುವೆಯ ಗುರುತು.

ಹಂತ 9: ಅಳತೆ

ಸೂಕ್ಷ್ಮದರ್ಶಕದ ಕಣ್ಣುಮಸೂರದಲ್ಲಿರುವ ಅಳತೆಪಟ್ಟಿಯನ್ನು 1 ಮಿಲಿಮೀಟರಿನ ಪ್ರಮಾಣಿತ ಗಾಜಿನ ಪಟ್ಟಿಯೊಂದಿಗೆ ಹೋಲಿಸಿ ಸರಿಪಡಿಸಬೇಕು. 80 ಗೆರೆಗಳು 1 ಮಿಲಿಮೀಟರಿಗೆ ಸರಿಹೊಂದಿದರೆ ಒಂದು ಗೆರೆ 0.0125 ಮಿಲಿಮೀಟರ್. ವರ್ಧನೆ ಬದಲಿಸಿದಾಗಲೆಲ್ಲ ಈ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮರೆತು ಇಡೀ ಪಟ್ಟಿಯನ್ನು ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ತಲೆಯ ಅಗಲ, ತಲೆಯ ಉದ್ದ, ಮೀಸೆಯ ಬುಡಖಂಡದ ಉದ್ದ, ಎದೆಯ ಓರೆ ಉದ್ದ, ಮುಳ್ಳಿನ ಉದ್ದ, ಎರಡೂ ಗಂಟುಗಳ ಅಗಲ ಇಷ್ಟು ಅಳತೆಗಳಿಂದ ಆರಂಭಿಸಿದರೆ ಸಾಕು. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ತಲೆಯ ಸೂಚ್ಯಂಕ, ಬುಡಖಂಡದ ಉದ್ದವನ್ನು ತಲೆಯ ಅಗಲದಿಂದ ಭಾಗಿಸಿ 100ರಿಂದ ಗುಣಿಸಿದರೆ ಮೀಸೆಯ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ ಅಗಲ 0.92, ಉದ್ದ 0.88, ಬುಡಖಂಡ 0.78 ಮಿಲಿಮೀಟರ್ ಇದ್ದರೆ ಸೂಚ್ಯಂಕಗಳು ಕ್ರಮವಾಗಿ 105 ಮತ್ತು 85.

ತಲೆಯ ಮುಂದಿನ ಮತ್ತು ಹಿಂದಿನ ಅಂಚುಗಳೆರಡೂ ಏಕಕಾಲಕ್ಕೆ ಸ್ಪಷ್ಟವಾಗಿ ಕಂಡಾಗ ಮಾತ್ರ ಅಳೆಯಬೇಕು. ತಲೆ 20 ಡಿಗ್ರಿ ಓರೆಯಾಗಿದ್ದರೂ ಉದ್ದ ಸುಮಾರು ಶೇ. 6ರಷ್ಟು ಕಡಿಮೆ ಬರುತ್ತದೆ. ಒಂದೇ ಗೂಡಿನ ಐದಾರು ಇರುವೆಗಳ ಸೂಚ್ಯಂಕಗಳು ವಿಪರೀತ ಚದುರಿದ್ದರೆ, ಪ್ರಭೇದ ಎರಡಿವೆ ಎಂದು ಭಾವಿಸುವ ಮೊದಲು ನಿಮ್ಮ ಕೈಯನ್ನೇ ಸಂಶಯಿಸಿ.

ಹಂತ 10: ಹೆಸರು ಬರೆಯುವುದು, ಅಥವಾ ಬರೆಯದಿರುವುದು

ಈಗ ಮಾತ್ರ ಕೀಲಿಪಟ್ಟಿಗಳನ್ನು, ಅಂದರೆ ಲಕ್ಷಣಗಳನ್ನು ಹೋಲಿಸುತ್ತ ಪ್ರಭೇದದ ಹೆಸರಿಗೆ ತಲುಪಿಸುವ ಪಟ್ಟಿಗಳನ್ನು, ತೆರೆಯಬಹುದು. ಭಾರತದ ಇರುವೆಗಳಿಗೆ ಬಿಂಗ್‌ಹ್ಯಾಮ್ 1903ರಲ್ಲಿ ಪ್ರಕಟಿಸಿದ ಸಂಪುಟ ಇಂದಿಗೂ ಉಪಯುಕ್ತ. ಆದರೆ ಅದರಲ್ಲಿ ಕುಲದ ಹೆಸರು ‘ಕ್ರೆಮಸ್ಟೊಗ್ಯಾಸ್ಟರ್’ ಎಂದಿರುವುದರಿಂದ ಹುಡುಕುವವರಿಗೆ ಸಿಗದೆ ಹೋಗುತ್ತದೆ, ಮತ್ತು ಅಂದಿನಿಂದ ಹಲವು ಹೆಸರುಗಳ ಸ್ಥಾನಮಾನ ಬದಲಾಗಿದೆ. ಅಲ್ಲಿ ಸಿಕ್ಕ ಹೆಸರನ್ನು ಇರುವೆ ಹೆಸರುಗಳ ಜಾಲತಾಣವಾದ ಆಂಟ್‌ಕ್ಯಾಟ್‌ನಲ್ಲಿ ಇಂದಿನ ಮಾನ್ಯ ಹೆಸರಿನೊಂದಿಗೆ ತಾಳೆ ನೋಡಿ, ಆಮೇಲೆ ಇರುವೆ ಚಿತ್ರಗಳ ಜಾಲತಾಣವಾದ ಆಂಟ್‌ವೆಬ್‌ನಲ್ಲಿರುವ ಮೂಲಮಾದರಿಯ (ಪ್ರಭೇದಕ್ಕೆ ಹೆಸರಿಡಲು ಆಧಾರವಾದ ಮಾದರಿಯ) ಚಿತ್ರಗಳೊಂದಿಗೆ ತಲೆ, ಪಾರ್ಶ್ವ, ಬೆನ್ನು ಈ ಮೂರೂ ನೋಟಗಳನ್ನು ಹೋಲಿಸಬೇಕು. ಎರಡು ನೋಟ ಹೊಂದಿ ಮೂರನೆಯದು ಹೊಂದದಿದ್ದರೆ ಅದು ಹೊಂದಿಲ್ಲವೆಂದೇ ಅರ್ಥ.

ರಟ್ಟಿನ ಗೂಡಿನ ಕೆಂಪು ಇರುವೆಗಳನ್ನೆಲ್ಲ ಕ್ರೆಮಟೊಗ್ಯಾಸ್ಟರ್ ರೋಜೆನ್‌ಹೊಫೆರಿ ಮೇಯರ್ 1879 (ಕೊನೆಯದು ಹೆಸರಿಟ್ಟವರು ಮತ್ತು ವರ್ಷ) ಎಂದೂ, ಕಪ್ಪನೆಯವನ್ನೆಲ್ಲ ಇನ್ನೊಂದು ಹೆಸರಿನಿಂದಲೂ ಬರೆದುಬಿಡುವ ಅಭ್ಯಾಸ ಹರಡಿದೆ. ನಿಮ್ಮ ಬಳಿ ಇರುವ ಲಕ್ಷಣಗಳು ಆ ಪ್ರಭೇದದತ್ತ ಬೊಟ್ಟು ಮಾಡುತ್ತಿದ್ದರೂ ಖಚಿತವಾಗದಿದ್ದರೆ, ಕುಲ ಮತ್ತು ಪ್ರಭೇದದ ಹೆಸರಿನ ನಡುವೆ ‘ಸಿಎಫ್.’ ಎಂದು ಸೇರಿಸಿ. ಹೋಲಿಸಿ ನೋಡಬೇಕು ಎಂಬುದು ಅದರ ಅರ್ಥ. ಅಷ್ಟೂ ಇಲ್ಲದಿದ್ದರೆ ‘ಕ್ರೆಮಟೊಗ್ಯಾಸ್ಟರ್ ಪ್ರಭೇದ 3’ ಎಂದು ಬರೆದ ಚೀಟಿಗೆ ಯಾವ ಕೊರತೆಯೂ ಇಲ್ಲ. ತಪ್ಪು ಹೆಸರು ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಹೋಗುತ್ತದೆ, ಸಂಖ್ಯೆಯನ್ನು ಮುಂದೆ ಯಾರು ಬೇಕಾದರೂ ತಿದ್ದಬಹುದು.

ಗುರುತಿಸಿದವರ ಹೆಸರು ಮತ್ತು ವರ್ಷವನ್ನು ಪ್ರತ್ಯೇಕ ಚೀಟಿಯಲ್ಲಿ ಬರೆದು, ಅದೇ ಸೂಜಿಗೆ ಸ್ಥಳದ ಚೀಟಿಯ ಕೆಳಗೆ ಚುಚ್ಚಬೇಕು. ಮುಂದೆ ಬೇರೊಬ್ಬರು ಹೆಸರು ಬದಲಿಸಿದರೆ ಹಳೆಯ ಚೀಟಿಯನ್ನು ಕೀಳದೆ, ಹೊಸದನ್ನು ಅದರ ಕೆಳಗೇ ಸೇರಿಸಬೇಕು.